ಹುಣಸೆ ಮರದಡಿ ರಾಗಿ ಏಳದಿರುವುದು ವಿಷದಿಂದಲೋ, ನೆರಳಿನಿಂದಲೋ?

ಪ್ರಶ್ನೆ: ಖುಷ್ಕಿ ಬೇಸಾಯ, ಪಾಂಡವಪುರ

ಪಾಂಡವಪುರ ತಾಲ್ಲೂಕಿನಲ್ಲಿ ನಮಗೆ ಒಂದು ಎಕರೆ ಹತ್ತು ಗುಂಟೆ ಜಮೀನಿದೆ. ನಾಲೆಯ ನೀರು ಅಲ್ಲಿಗೆ ಹತ್ತುವುದಿಲ್ಲವಾದ್ದರಿಂದ ಮಳೆಯನ್ನೇ ನಂಬಿ ರಾಗಿಯನ್ನೂ, ಅಕ್ಕಡಿ ಸಾಲಿನಲ್ಲಿ ಅವರೆ ಮತ್ತು ಹುಚ್ಚೆಳ್ಳನ್ನೂ ಹಾಕುತ್ತೇವೆ. ಪಡುವಲ ಬದುವಿನ ಆಚೆ, ಪಕ್ಕದವರ ಎಲ್ಲೆಯೊಳಗೆ, ನನ್ನ ತಾತನ ಕಾಲದಿಂದಲೂ ಒಂದು ದೊಡ್ಡ ಹುಣಸೆ ಮರವಿದೆ. ಅದರ ಅರ್ಧದಷ್ಟು ಕೊಂಬೆಗಳು ನಮ್ಮ ಹೊಲದ ಮೇಲೆ ಚಾಚಿಕೊಂಡಿವೆ.

ಪ್ರತಿ ವರ್ಷವೂ ಮರದ ಕಡೆಯಿಂದ ಆರೇಳು ಮಾರು ದೂರದವರೆಗೆ ರಾಗಿ ಸರಿಯಾಗಿ ಏಳುವುದಿಲ್ಲ. ಹೊಲದ ನಡುವೆ ಪೈರು ಮೊಳಕಾಲು ಮುಟ್ಟುವ ಹೊತ್ತಿಗೆ ಅಲ್ಲಿ ಗೇಣುದ್ದವೂ ಇರುವುದಿಲ್ಲ, ತೆನೆ ಬಂದರೂ ಬೆರಳು ಬಿಚ್ಚದೆ ಮುದುಡಿಕೊಂಡಿರುತ್ತದೆ. ಗರಿಕೆ ಕೂಡ ಅಲ್ಲಿ ವಿರಳ. ಹುಚ್ಚೆಳ್ಳು ಮಾತ್ರ ಹೇಗೋ ನಿಭಾಯಿಸಿಕೊಂಡು ಹೂ ಬಿಡುತ್ತದೆ.

ಹುಣಸೆಯ ಗಾಳಿಯೇ ವಿಷ, ಅದರಡಿ ರಾತ್ರಿ ಮಲಗಲೂಬಾರದು ಎಂದು ನಮ್ಮ ಮನೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ಮರದ ಯಜಮಾನರು ಅದು ಬರೀ ನೆರಳು ಎನ್ನುತ್ತಾರೆ. ಗಿಡಗಳು ತಮ್ಮ ಸುತ್ತ ರಾಸಾಯನಿಕ ಬಿಟ್ಟು ನೆರೆಯ ಗಿಡಗಳನ್ನು ತಡೆಯುತ್ತವೆ ಎಂದು ಎಲ್ಲೋ ಓದಿದ ಮೇಲೆ ನಾನೇ ಒಂದು ಪರೀಕ್ಷೆ ಮಾಡಿದೆ. ಒಂದು ಹಿಡಿ ಹುಣಸೆ ಎಲೆಯನ್ನು ಅರೆದು ಲೋಟ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಆ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯ ಮೇಲೆ ರಾಗಿ ಹರಡಿದೆ. ಇನ್ನೊಂದು ತಟ್ಟೆಗೆ ಬರೀ ನೀರು. ನಾಲ್ಕನೆಯ ದಿನ ಬರೀ ನೀರಿನ ತಟ್ಟೆ ಹಸಿರಾಗಿತ್ತು, ಹುಣಸೆ ನೀರಿನದರಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ. ಇದು ಸಾಕ್ಷಿಯಾಗುತ್ತದೆಯೇ? ಇದನ್ನು ಹಿಡಿದು ಮರ ತೆಗೆಸಿ ಎಂದು ಕೇಳುವುದು ನ್ಯಾಯವೇ?

ಉತ್ತರ 1: ನಿವೃತ್ತ ಸಸ್ಯಶಾಸ್ತ್ರ ಮೇಷ್ಟರು, ಮೈಸೂರು

ಮಲಗುವ ಮಾತನ್ನು ಸದ್ಯಕ್ಕೆ ಬದಿಗಿಡೋಣ. ಒಂದು ಗಿಡ ತಾನು ಹೊರಬಿಡುವ ವಸ್ತುವಿನಿಂದ ಇನ್ನೊಂದು ಗಿಡದ ಬೆಳವಣಿಗೆಯನ್ನು ಬದಲಿಸಬಲ್ಲದು ಎಂಬುದು ಸತ್ಯ, ಮತ್ತು ಅದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಂಜನಗೂಡು ರಸಬಾಳೆಯ ಕಾಯಿಗಳನ್ನು ಹಣ್ಣಿಗೆ ಹಾಕುವಾಗ ನಡುವೆ ಒಂದೆರಡು ಮಾಗಿದ ಹಣ್ಣನ್ನಿಟ್ಟು ಹುಲ್ಲು ಮುಚ್ಚುತ್ತೇವಲ್ಲ, ಮಾಗಿದ ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಕಾಯಿಗಳನ್ನೂ ಮಾಗಿಸುತ್ತದೆ. ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಹಾನ್ಸ್ ಮೋಲಿಷ್ ಮಾಗಿದ ಸೇಬು, ಪೇರು ಹಣ್ಣುಗಳ ಇದೇ ಅನಿಲ ಪಕ್ಕದ ಸಸಿಗಳಿಗೆ ಏನು ಮಾಡುತ್ತದೆ ಎಂದು ನೋಡುತ್ತಲೇ 1937ರಲ್ಲಿ ಈ ವಿದ್ಯಮಾನಕ್ಕೆ ‘ಅಲೆಲೋಪತಿ’ ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ಅದಕ್ಕೆ ‘ಪರಸ್ಪರ’ ಮತ್ತು ‘ಬಾಧೆ’ ಎಂಬ ಎರಡು ಪದಗಳು ಮೂಲ. ಆದರೆ ಮೋಲಿಷ್ ಅದರಲ್ಲಿ ಕೇಡನ್ನಷ್ಟೇ ಅಲ್ಲ, ಉಪಕಾರವನ್ನೂ ಸೇರಿಸಿದ್ದರು.

ವಸ್ತು ಹೊರಬೀಳುವ ದಾರಿಗಳು ನಾಲ್ಕು. ಎಲೆಯಿಂದ ಆವಿಯಾಗಿ ಹೋಗಬಹುದು, ಮಳೆನೀರು ಎಲೆಯನ್ನು ತೊಳೆದು ಕೆಳಗಿಳಿಸಬಹುದು, ಬೇರೇ ಸ್ರವಿಸಬಹುದು, ಇಲ್ಲವೇ ಉದುರಿದ ತರಗು ಕೊಳೆಯುವಾಗ ಮಣ್ಣಿಗೆ ಸೇರಬಹುದು. ಎಲ್ಲರೂ ಎತ್ತಿ ಹೇಳುವ ಉದಾಹರಣೆ ಅಮೆರಿಕದ ಕಪ್ಪು ಆಕ್ರೋಟು ಮರದ್ದು. ಅದರ ಬೇರು, ಎಲೆ, ಕಾಯಿಯ ಸಿಪ್ಪೆಗಳಲ್ಲಿ ಹೈಡ್ರೋಜುಗ್ಲೋನ್ ಎಂಬ ನಿರಪಾಯಕಾರಿ ವಸ್ತುವಿರುತ್ತದೆ. ಗಾಳಿ ತಾಗಿದೊಡನೆ ಅದು ಜುಗ್ಲೋನ್ ಆಗಿ ಬದಲಾಗಿ ವಿಷವಾಗುತ್ತದೆ. ಆ ಬೇರು ಹರಡಿದ ಕಡೆ ನೆಟ್ಟ ಟೊಮ್ಯಾಟೊ ಬಾಡಿ ಹೋಗುವುದನ್ನು 1925ರಲ್ಲಿಯೇ ವರ್ಜೀನಿಯಾದ ಮ್ಯಾಸ್ಸಿ ದಾಖಲಿಸಿದ್ದಾರೆ.

ಕಣ್ಣಾರೆ ನೋಡಬೇಕೆಂದರೆ ನಮ್ಮ ಜೋಳವೇ ಸಾಕು. ತರಗತಿಯಲ್ಲಿ ನಾನು ಹೀಗೆ ತೋರಿಸುತ್ತಿದ್ದೆ. ಜೋಳದ ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿಡಿ. ಬಟ್ಟೆ ಹಸಿಯಾಗಿರಲಿ, ನೀರು ತೊಟ್ಟಿಕ್ಕಬಾರದು, ಏಕೆಂದರೆ ನೀರು ಹೆಚ್ಚಾದರೆ ಬೇರುಗೂದಲು ಏಳುವುದಿಲ್ಲ. ಆರನೆಯ ದಿನ ಬಿಚ್ಚಿ, ಗಡಿಯಾರ ರಿಪೇರಿಯವರ ಭೂತಗನ್ನಡಿಯಲ್ಲಿ ನೋಡಿದರೆ ಬೇರುಗೂದಲಿನ ತುದಿಗಳಲ್ಲಿ ಹಳದಿ ಹನಿಗಳು ಮಣಿ ಪೋಣಿಸಿದಂತೆ ನಿಂತಿರುತ್ತವೆ. ಅವು ಎಣ್ಣೆಯಂಥವು, ನೀರಿನಲ್ಲಿ ಕರಗುವುದಿಲ್ಲ. ಆ ಹನಿಗಳ ಮುಖ್ಯ ವಸ್ತುವಿನ ಹೆಸರು ಸೋರ್ಗೊಲಿಯೋನ್. ಎಳೆಯ ಕಳೆಗಿಡಗಳು ಅದನ್ನು ಹೀರಿಕೊಂಡರೆ ಬೆಳಕಿನಿಂದ ಆಹಾರ ತಯಾರಿಸುವ ಅವುಗಳ ವ್ಯವಸ್ಥೆಯ ಒಂದು ಕೊಂಡಿ ಕಟ್ಟಿಹೋಗುತ್ತದೆ. ಜೋಳ ಕೊಯ್ದ ಹೊಲದಲ್ಲಿ ಮುಂದಿನ ಬೆಳೆ ಸ್ವಲ್ಪ ಮುನಿಸಿಕೊಂಡೇ ಏಳುತ್ತದೆ ಎಂಬ ರೈತರ ಮಾತಿಗೆ ಇದೂ ಒಂದು ಕಾರಣವಿರಬಹುದು.

ಹುಣಸೆಯ ವಿಷಯಕ್ಕೆ ಬರುತ್ತೇನೆ. ಜಪಾನಿನ ಫುಜಿಯಿ ಮತ್ತವರ ಸಂಗಡಿಗರು ಒಣಗಿದ ಎಲೆಯನ್ನು ಅಗರ್ ಎಂಬ ಲೋಳೆಯ ಎರಡು ಪದರಗಳ ನಡುವೆ ಇಟ್ಟು, ಮೇಲೆ ಲೆಟ್ಯೂಸ್ ಬೀಜ ಬಿತ್ತಿ, ಬೇರು ಎಷ್ಟು ಇಳಿಯುತ್ತದೆಂದು ಅಳೆಯುವ ಕ್ರಮವೊಂದನ್ನು ರೂಪಿಸಿದರು. ಅವರ ತಂಡ ಹುಣಸೆಯನ್ನೂ ಪರೀಕ್ಷಿಸಿದೆ, ಅದರ ಎಲೆಗೆ ಸಸಿಗಳ ಬೆಳವಣಿಗೆಯನ್ನು ತಡೆಯುವ ಗುಣವಿರುವುದು ಕಂಡುಬಂದಿದೆ. ಆದ್ದರಿಂದ ನಿಮ್ಮ ತಟ್ಟೆಯಲ್ಲಿ ಕಂಡದ್ದು ಕಣ್ಣಿನ ಭ್ರಮೆಯಲ್ಲ. ಅದೇ ಹೊಲದಲ್ಲೂ ನಡೆಯುತ್ತಿದೆಯೇ ಎಂಬ ಪ್ರಶ್ನೆಗೆ ಮಾತ್ರ ತಟ್ಟೆ ಉತ್ತರ ಕೊಡುವುದಿಲ್ಲ.

ಉತ್ತರ 2: ಕೂಳೆ ಕಬ್ಬು, ಮದ್ದೂರು

ಮೇಷ್ಟರ ಮಾತಿಗೆ ನನ್ನ ಗದ್ದೆಯ ಅನುಭವವನ್ನು ಸೇರಿಸುತ್ತೇನೆ. ಮೂರನೆಯ ಕೂಳೆ (ಕಡಿದ ಕಬ್ಬಿನ ಬುಡದಿಂದಲೇ ಮತ್ತೆ ಚಿಗುರಿದ ಬೆಳೆ) ಕಡಿದ ಮೇಲೆ ಒಂದು ವರ್ಷ ಸೋಗೆಯನ್ನು, ಅಂದರೆ ಕಬ್ಬಿನ ಒಣ ಎಲೆಯನ್ನು, ಸುಡದೆ ಮಣ್ಣಿಗೆ ಸೇರಿಸಿ, ನೀರು ಕೊಟ್ಟು, ಹದಿನೈದು ದಿನಕ್ಕೇ ರಾಗಿ ಪೈರು ನಾಟಿ ಮಾಡಿಸಿದೆ. ಪೈರು ಹಳದಿ ತಿರುಗಿ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಟ್ಟಿತು. ನಾನೂ ಕಬ್ಬಿನ ತರಗಿನಲ್ಲಿ ವಿಷವಿದೆ ಎಂದೇ ಊರೆಲ್ಲ ಹೇಳಿಕೊಂಡು ಬಂದೆ.

ಆಮೇಲೆ ಕೃಷಿ ಓದಿದ ನೆಂಟರೊಬ್ಬರು ಬಂದು ಎರಡು ಸಾಲಿಗೆ ಮಾತ್ರ ಸ್ವಲ್ಪ ಯೂರಿಯಾ ಕೊಟ್ಟು ಕಾಯಿರಿ ಎಂದರು. ಹತ್ತು ದಿನದಲ್ಲಿ ಆ ಎರಡು ಸಾಲು ಹಸಿರಾಯಿತು, ಉಳಿದದ್ದು ಹಾಗೆಯೇ ಇತ್ತು. ಸೋಗೆಯಲ್ಲಿ ಇಂಗಾಲ ವಿಪರೀತ, ಸಾರಜನಕ ತೀರ ಕಡಿಮೆ. ಅದನ್ನು ಕೊಳೆಸಲು ಹೊರಟ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಪೈರಿಗೆ ಉಪವಾಸ. ಸೋಗೆ ಕೊಳೆಯುವಾಗ, ಅದರಲ್ಲೂ ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ, ಫೆರುಲಿಕ್, ವೆನಿಲಿಕ್ ಮುಂತಾದ ಫೀನಾಲಿಕ್ ಆಮ್ಲಗಳು ಹುಟ್ಟುತ್ತವೆ, ಅವು ಕೂಳೆಯ ಚಿಗುರನ್ನೂ ಹಿಂದೆ ಹಾಕಬಲ್ಲವು ಎಂದು ಅದೇ ನೆಂಟರು ಹೇಳಿದ್ದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಗದ್ದೆಯಲ್ಲಿ ಆ ಸಲದ ಹಳದಿ ಬಣ್ಣಕ್ಕೆ ಕಾರಣ ಹಸಿವೇ ಹೊರತು ವಿಷವಲ್ಲ ಎಂಬುದನ್ನು ಎರಡು ಸಾಲು ತೋರಿಸಿಕೊಟ್ಟವು. ಈಗ ಸೋಗೆ ಸೇರಿಸಿದರೆ ಒಂದೂವರೆ ತಿಂಗಳು ಬಿಟ್ಟೇ ನಾಟಿ ಮಾಡಿಸುತ್ತೇನೆ.

ಮರ ತೆಗೆಸುವ ವಿಚಾರಕ್ಕೆ ನನ್ನದೊಂದು ಮಾತು: ನೂರು ವರ್ಷದ ಹುಣಸೆಯನ್ನು ಕಡಿದ ಮೇಲೆ ಕಾರಣ ಬೇರೆಯಿತ್ತು ಎಂದು ಗೊತ್ತಾದರೆ ಮರಳಿ ನಿಲ್ಲಿಸಲು ಬರುವುದಿಲ್ಲ.

ಉತ್ತರ 3: ಬೇರುಬಿಳಲು, ಸರಸ್ವತಿಪುರಂ

ಪ್ರಶ್ನೆ ಕೇಳಿದವರ ತಟ್ಟೆಯ ಪರೀಕ್ಷೆಯಲ್ಲಿ ಎರಡು ತೊಡಕುಗಳಿವೆ. ಹೊಲದಲ್ಲಿ ಯಾವ ಮಳೆಯೂ ಎಲೆಯನ್ನು ಅರೆದು, ಲೋಟದಷ್ಟೇ ನೀರಿನಲ್ಲಿ ರಾತ್ರಿಯಿಡೀ ನೆನೆಸುವುದಿಲ್ಲ. ಅಷ್ಟು ಗಟ್ಟಿ ಮಾಡಿದರೆ ಕೊತ್ತಂಬರಿ ಸೊಪ್ಪಿನ ರಸವೂ ರಾಗಿಯನ್ನು ತಡೆದೀತು. ಇನ್ನೊಂದು, ಹುಣಸೆ ಎಲೆಯಲ್ಲಿ ಹುಳಿಯೂ ಉಪ್ಪಿನಂಶಗಳೂ ಇವೆ. ದ್ರಾವಣ ಗಟ್ಟಿಯಿದ್ದಾಗ ಬೀಜ ನೀರನ್ನು ಹೀರಿಕೊಳ್ಳಲಾರದು. ಬರೀ ಸಕ್ಕರೆಯ ಪಾಕದಲ್ಲೂ ಬೀಜ ಮೊಳೆಯುವುದಿಲ್ಲ, ಹಾಗೆಂದು ಸಕ್ಕರೆಯನ್ನು ವಿಷವೆನ್ನುವುದಿಲ್ಲ.

ಈ ಶಾಸ್ತ್ರದವರು ತಾವೇ ಮುಗ್ಗರಿಸಿದ ಕಥೆಯೊಂದಿದೆ. ಕ್ಯಾಲಿಫೋರ್ನಿಯಾದ ಬೆಟ್ಟದ ತಪ್ಪಲುಗಳಲ್ಲಿ ಸಾಲ್ವಿಯಾ ಎಂಬ ಘಮಘಮಿಸುವ ಪೊದೆಗಳ ಸುತ್ತ ಒಂದೆರಡು ಮೀಟರ್ ಅಗಲದ ಬೋಳು ನೆಲ ಉಂಗುರದಂತೆ ಕಾಣುತ್ತದೆ, ಅದರಾಚೆಗೆ ಹುಲ್ಲು. ಕಾರ್ನೀಲಿಯಸ್ ಮುಲ್ಲರ್ ಮತ್ತವರ ಜೊತೆಗಾರರು 1964ರಲ್ಲಿ, ಎಲೆಗಳಿಂದ ಹೊರಡುವ ಕರ್ಪೂರ, ಸಿನಿಯೋಲ್‌ನಂಥ ಆವಿಗಳು ಹುಲ್ಲಿನ ಸಸಿಗಳನ್ನು ಕೊಲ್ಲುತ್ತವೆ ಎಂದು ಬರೆದರು. ಪ್ರಯೋಗಾಲಯದಲ್ಲಿ ಆ ಆವಿ ಸಸಿಗಳನ್ನು ತಡೆಯುತ್ತಿತ್ತು, ವಾದ ಎಲ್ಲರಿಗೂ ಒಪ್ಪಿಗೆಯಾಯಿತು. 1970ರಲ್ಲಿ ಬಾರ್ಥಲೊಮ್ಯೂ ಎಂಬವರು ಆ ಬೋಳು ಉಂಗುರದೊಳಗೆ ತಂತಿಬಲೆಯ ಪಂಜರಗಳನ್ನಿಟ್ಟು ನೋಡಿದರು. ಪಂಜರದೊಳಗೆ ಹುಲ್ಲು ಬೆಳೆಯಿತು! ಪೊದೆಯಲ್ಲಿ ಅಡಗಿಕೊಂಡಿರುವ ಇಲಿ, ಮೊಲ, ಹಕ್ಕಿಗಳು ಬೇಟೆಗೆ ಹೆದರಿ ಹೆಚ್ಚು ದೂರ ಹೋಗದೆ, ಸುತ್ತಮುತ್ತಲ ಬೀಜವನ್ನೂ ಸಸಿಯನ್ನೂ ತಿಂದು ಮುಗಿಸುತ್ತಿದ್ದವು. ಆವಿಯ ಪಾಲು ಏನೂ ಇಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ, ಆದರೆ ಆವಿಯೊಂದೇ ಕಾರಣವೆಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ನಿಮ್ಮ ಹುಣಸೆ ಪಡುವಲ ಬದುವಿನಲ್ಲಿದೆ, ಅಂದರೆ ಮಧ್ಯಾಹ್ನದ ನಂತರದ ಬಿಸಿಲು ಆ ಆರೇಳು ಮಾರಿಗೆ ಸಿಕ್ಕುವುದಿಲ್ಲ. ರಾಗಿಯಂಥ ಬೆಳೆಗೆ ಪೂರ್ಣ ಬಿಸಿಲು ಬೇಕು. ಜೊತೆಗೆ ಖುಷ್ಕಿ ಹೊಲದಲ್ಲಿ ಮಣ್ಣಿನ ಪಸೆಗಾಗಿ ಮರದೊಡನೆ ಪೈಪೋಟಿ. ಈ ಮೂರನ್ನೂ, ಅಂದರೆ ನೆರಳು, ನೀರು, ರಾಸಾಯನಿಕ, ಬೇರೆ ಬೇರೆ ಮಾಡಿ ನೋಡಬೇಕು. ಬದುವಿನ ಉದ್ದಕ್ಕೂ ಕಂದಕ ತೋಡಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಕಂದಕ ಮರದ ಬೇರನ್ನು ತಡೆಯುತ್ತದೆ ನಿಜ, ಆದರೆ ನೀರಿನ ಪೈಪೋಟಿಯೂ ಬೇರಿನ ಸ್ರಾವವೂ ಒಟ್ಟಿಗೇ ನಿಲ್ಲುವುದರಿಂದ ಯಾವುದು ಕಾರಣವಾಗಿತ್ತೆಂದು ಅದರಿಂದ ತಿಳಿಯುವುದಿಲ್ಲ.

ನಾನಾದರೆ ಹೀಗೆ ಮಾಡುತ್ತೇನೆ. ಮರದಡಿಯ ಮೇಲ್ಮಣ್ಣನ್ನೂ ಹೊಲದ ನಡುವಿನ ಮೇಲ್ಮಣ್ಣನ್ನೂ ತಂದು ಒಂದೇ ಅಳತೆಯ ಚೀಲಗಳಲ್ಲಿ ತುಂಬಿ, ತಾರಸಿಯ ಮೇಲೆ ಒಂದೇ ಬಿಸಿಲು, ಒಂದೇ ಅಳತೆಯ ನೀರು ಕೊಟ್ಟು ರಾಗಿ ಬೆಳೆಸುತ್ತೇನೆ. ಎರಡೂ ಮಣ್ಣಿನ ಅರ್ಧ ಚೀಲಗಳಿಗೆ ಪುಡಿ ಮಾಡಿದ ಇದ್ದಿಲನ್ನು ಬೆರೆಸುತ್ತೇನೆ, ಏಕೆಂದರೆ ಇಂಥ ಸಾವಯವ ವಸ್ತುಗಳನ್ನು ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ. ಒಲೆಯ ಇದ್ದಿಲಾದರೆ ಬೂದಿ ಹೋಗುವಂತೆ ತೊಳೆದು ಒಣಗಿಸಿಕೊಳ್ಳಬೇಕು, ಇಲ್ಲದಿದ್ದರೆ ಬೂದಿಯ ಕ್ಷಾರವೂ ಪೊಟ್ಯಾಷೂ ಲೆಕ್ಕ ತಪ್ಪಿಸುತ್ತವೆ. ಅಂಗಡಿಯ ಸಕ್ರಿಯ ಇದ್ದಿಲು ಇನ್ನೂ ಒಳ್ಳೆಯದು. ಮರದಡಿಯ ಮಣ್ಣಿನಲ್ಲಿ ಪೈರು ಕುಗ್ಗಿ, ಇದ್ದಿಲು ಹಾಕಿದಾಗ ಮಾತ್ರ ಚೇತರಿಸಿಕೊಂಡರೆ ವಿಷದ ಮಾತಿಗೆ ಬಲ ಬರುತ್ತದೆ. ತರಗಿನ ಪರಿಣಾಮ ನೋಡಲು ಇನ್ನೆರಡು ಬಗೆಯ ಚೀಲಗಳಿರಲಿ: ಒಂದರ ಮೇಲೆ ಹುಣಸೆ ಎಲೆಯ ಪದರ, ಇನ್ನೊಂದರ ಮೇಲೆ ಅಷ್ಟೇ ತೂಕದ ಹಳೆಯ ಪತ್ರಿಕೆಯ ಚೂರು. ಭತ್ತದ ಹೊಟ್ಟನ್ನು ಮಾತ್ರ ಹೋಲಿಕೆಗೆ ಬಳಸಬೇಡಿ, ಅದಕ್ಕೂ ಇದೇ ಆಪಾದನೆಯಿದೆ. ಭತ್ತವು ಮೊಮಿಲ್ಯಾಕ್ಟೋನ್ ಎಂಬ ವಸ್ತುವನ್ನು ಬೇರಿನಿಂದ ಬಿಡುತ್ತದೆ, ಅದನ್ನು ಮೊದಲು ಬೇರ್ಪಡಿಸಿದ್ದೇ ಹೊಟ್ಟಿನಿಂದ.

ಉತ್ತರ 4: ನಿವೃತ್ತ ಸಸ್ಯಶಾಸ್ತ್ರ ಮೇಷ್ಟರು, ಮೈಸೂರು

ಬೇರುಬಿಳಲು ಅವರ ಮಾತು ಸರಿ. ಆದರೂ ಸಂಶಯವೇ ಹೆಚ್ಚಾಗಿ, ಇರುವುದನ್ನೂ ಇಲ್ಲವೆನ್ನಬಾರದೆಂದು ಎರಡು ಸಂಗತಿ ಸೇರಿಸುತ್ತೇನೆ. ಮೈಸೂರಿನ ಉದ್ಯಾನಗಳಲ್ಲಿ ಕೆಂಪು ಕುಂಚದಂಥ ಹೂಬಿಡುವ ಬಾಟಲ್ ಬ್ರಶ್ ಮರವನ್ನು ನೋಡಿದ್ದೀರಿ. ಅದರಡಿ ಕಳೆ ಕಡಿಮೆಯಿರುವುದನ್ನು 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಮನಿಸಿದವರು ಲೆಪ್ಟೋಸ್ಪರ್ಮೋನ್ ಎಂಬ ವಸ್ತುವನ್ನು ಹಿಡಿದರು. ಅದರ ರಚನೆಯನ್ನು ಅನುಸರಿಸಿ ಮಾಡಿದ ಮೀಸೋಟ್ರಯೋನ್ ಇಂದು ಮುಸುಕಿನ ಜೋಳದ ಹೊಲದ ಕಳೆನಾಶಕ.

ಎರಡನೆಯದು ನಮ್ಮೂರ ಕಾಂಗ್ರೆಸ್ ಗಿಡ, ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡದ್ದು ಇಲ್ಲಿಯ ಖಾಲಿ ನಿವೇಶನಗಳನ್ನೆಲ್ಲ ಆಕ್ರಮಿಸಿತು. ಅದರ ಪಾರ್ಥೆನಿನ್ ಎಂಬ ಕಹಿ ವಸ್ತು ಚರ್ಮಕ್ಕೆ ಮಾಡುವುದು ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲಿ ಕಾಂಚನ್ ಮತ್ತು ಜಯಚಂದ್ರ ಎಂಬ ಇಬ್ಬರು ಇನ್ನೊಂದನ್ನು ಕಂಡುಕೊಂಡು 1980ರಲ್ಲಿ ಪ್ರಕಟಿಸಿದರು. ಅದರ ಪರಾಗ ಗಾಳಿಯಲ್ಲಿ ತೂರಿ ಬೇರೆ ಗಿಡಗಳ ಹೂವಿನ ಶಲಾಕಾಗ್ರದ (ಹೂವು ಪರಾಗವನ್ನು ಹಿಡಿದುಕೊಳ್ಳುವ ತುದಿಯ) ಮೇಲೆ ಕುಳಿತರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ, ಎಲೆಯ ಮೇಲೆ ದಟ್ಟವಾಗಿ ಕುಳಿತರೆ ಹಸಿರೂ ಕುಗ್ಗುತ್ತದೆ. ಬೇರಿಗೆ ಬೇರು ತಾಗದೆ, ನೆರಳು ಬೀಳದೆ ಒಂದು ಗಿಡ ಇನ್ನೊಂದನ್ನು ಬಾಧಿಸುವ ಇಂಥ ಬಗೆ ಆವರೆಗೆ ಹೆಚ್ಚು ಪರಿಚಿತವಿರಲಿಲ್ಲ. ಕುತೂಹಲದ ಸಂಗತಿಯೆಂದರೆ ಪಾರ್ಥೇನಿಯಮ್ಮನ್ನು ಹಿಂದಕ್ಕೆ ತಳ್ಳಲು ನಮ್ಮ ರಾಜ್ಯದಲ್ಲಿ ಪ್ರೋತ್ಸಾಹಿಸಿದ್ದು ತಗಚೆಯ ಬಳಗದ ಇನ್ನೊಂದು ಕಾಡುಗಿಡವನ್ನೇ. ಅದು ದಟ್ಟವಾಗಿ ಬೆಳೆದು ಜಾಗ ಕಸಿಯುವುದರ ಜೊತೆಗೆ ಅದರ ಸ್ರಾವಗಳೂ ಪಾರ್ಥೇನಿಯಂ ಬೀಜದ ಮೊಳಕೆಯನ್ನು ತಡೆಯುತ್ತವೆ.

ಪರೀಕ್ಷೆ ಮಾಡಿದರೆ ಫಲಿತಾಂಶವನ್ನು ಇಲ್ಲಿ ತಪ್ಪದೆ ಬರೆಯಿರಿ.

ಪ್ರಶ್ನೆ ಕೇಳಿದವರಿಂದ, ಏಳು ವಾರಗಳ ನಂತರ

ತಡವಾಯಿತು. ಚೀಲಗಳ ಬದಲು ತೊಳೆದ ಹಾಲಿನ ಪ್ಯಾಕೆಟ್‌ಗಳಿಗೆ ತಳದಲ್ಲಿ ತೂತು ಮಾಡಿ, ಬಗೆಗೆ ಮೂರರಂತೆ ಒಟ್ಟು ಹದಿನೆಂಟನ್ನು ತಾರಸಿಯ ಮೇಲೆ ಸಾಲಾಗಿಟ್ಟೆ. ಪ್ರತಿಯೊಂದಕ್ಕೂ ಹತ್ತು ರಾಗಿ ಕಾಳು. ಯಾವುದು ಯಾವುದೆಂದು ಮನೆಯವರಿಗೆ ಹೇಳದೆ, ಅಳೆಯುವ ಕೆಲಸವನ್ನು ಮಗಳಿಗೆ ವಹಿಸಿದೆ.

ಮರದಡಿಯ ಮಣ್ಣಿನ ರಾಗಿ ಸೊರಗುತ್ತದೆಂದು ನಾನು ಕಾಯುತ್ತಿದ್ದೆ. ಇಪ್ಪತ್ತೈದು ದಿನಕ್ಕೆ ಅದೇ ಎಲ್ಲಕ್ಕಿಂತ ಒಂದು ಬೆರಳು ಎತ್ತರವಾಗಿತ್ತು, ಬಣ್ಣವೂ ಗಾಢ. ಬೇಸಗೆಯಲ್ಲಿ ಊರ ದನಗಳನ್ನೆಲ್ಲ ಆ ನೆರಳಿನಲ್ಲೇ ಕಟ್ಟುತ್ತಾರೆ ಎಂಬುದು ನನಗೆ ಆಗ ಹೊಳೆಯಿತು, ಸಗಣಿ ಗಂಜಳವೆಲ್ಲ ಅಲ್ಲೇ ಇಂಗುತ್ತದೆ. ಇದ್ದಿಲು ಹಾಕಿದ್ದಕ್ಕೂ ಹಾಕದ್ದಕ್ಕೂ ಎರಡೂ ಮಣ್ಣಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರಲಿಲ್ಲ.

ಎಲೆಯ ಪದರ ಹಾಕಿದ ಮೂರು ಪ್ಯಾಕೆಟ್‌ಗಳಲ್ಲಿ ಮಾತ್ರ ಬೇರೆಯೇ ಆಯಿತು. ಪತ್ರಿಕೆಯ ಚೂರು ಹಾಕಿದ್ದರಲ್ಲಿ ಐದನೆಯ ದಿನಕ್ಕೆ ಹೆಚ್ಚುಕಡಿಮೆ ಎಲ್ಲ ಕಾಳೂ ಎದ್ದಿತ್ತು. ಹುಣಸೆ ಎಲೆಯದರಲ್ಲಿ ಎಂಟನೆಯ ದಿನಕ್ಕೂ ಅರ್ಧದಷ್ಟೇ ಎದ್ದಿದ್ದವು, ಕಿತ್ತು ನೋಡಿದರೆ ಬೇರಿನ ತುದಿ ಕಂದು ಬಣ್ಣಕ್ಕೆ ತಿರುಗಿ ಗಿಡ್ಡಗಾಗಿತ್ತು. ಎದ್ದವು ಮೂರನೆಯ ವಾರದ ಹೊತ್ತಿಗೆ ಸುಧಾರಿಸಿಕೊಂಡು ಉಳಿದವುಗಳ ಹತ್ತಿರ ಬಂದವು. ಹಾಗಾಗಿ ಎಲೆಯಲ್ಲಿ ಏನೋ ಇದೆ, ಅದು ಬಿತ್ತನೆಯ ಹೊತ್ತಿನಲ್ಲಿ ತೊಂದರೆ ಕೊಡುತ್ತದೆ, ಆದರೆ ತೆನೆ ಮುದುಡುವಷ್ಟು ದಿನ ಮಣ್ಣಿನಲ್ಲಿ ಉಳಿಯುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಮೂರು ಮೂರು ಪ್ಯಾಕೆಟ್‌ಗಳಿಂದ ಇದಕ್ಕಿಂತ ಹೆಚ್ಚು ಹೇಳುವುದು ತಪ್ಪಾಗುತ್ತದೆ.

ಇದನ್ನೆಲ್ಲ ಮರದ ಯಜಮಾನರಿಗೆ ತಾರಸಿಗೆ ಕರೆದು ತೋರಿಸಿದೆ. ಮರ ತೆಗೆಸುವ ಮಾತನ್ನು ನಾನು ಎತ್ತಲಿಲ್ಲ. ನಮ್ಮ ಕಡೆಗೆ ಬಾಗಿದ ಕೊಂಬೆಗಳನ್ನು ಈ ಸಲದ ಹುಣಸೆಹಣ್ಣು ಉದುರಿಸಿದ ಮೇಲೆ ಸವರಿಸಲು ಅವರೇ ಒಪ್ಪಿದರು. ಮುಂದಿನ ಬಿತ್ತನೆಗೆ ಮುಂಚೆ ತರಗನ್ನು ಗುಡಿಸಿ ತಿಪ್ಪೆಗೆ ಹಾಕುವುದು ನನ್ನ ಕೆಲಸ.

ಕೊಂಬೆಯ ಅಂಚಿನ ನೇರಕ್ಕೆ, ಕಾಂಡದಿಂದ ದೂರದಲ್ಲಿ, ಮೊನ್ನೆ ಭಾನುವಾರ ಇಬ್ಬರೂ ಸೇರಿ ಎರಡೂವರೆ ಅಡಿ ಆಳದ ಕಂದಕವನ್ನೂ ತೋಡಲು ಶುರು ಮಾಡಿದೆವು. ಕಾರಣ ತಿಳಿಯಲು ಕಂದಕ ಸಾಲದೆಂದು ಬೇರುಬಿಳಲು ಅವರು ಹೇಳಿದ್ದು ನೆನಪಿದೆ, ಇದು ಪರಿಹಾರಕ್ಕಾಗಿ. ಒಂದೂವರೆ ಅಡಿಗೆ ಮುಂಗೈ ದಪ್ಪದ ಬೇರೊಂದು ಸಿಕ್ಕಿತು, ನೇರವಾಗಿ ನಮ್ಮ ಹೊಲದ ನಡುವಿಗೆ ಹೊರಟಿತ್ತು. ಹಿಂದಿನ ದಿನವಷ್ಟೇ ಮಳೆಯಾಗಿದ್ದರೂ ಅದರ ಸುತ್ತಲಿನ ಮಣ್ಣು ಹಿಡಿದರೆ ಪುಡಿಪುಡಿಯಾಗಿ ಉದುರುತ್ತಿತ್ತು, ನಾಲ್ಕು ಮಾರು ಆಚೆಯ ಮಣ್ಣು ಉಂಡೆ ಕಟ್ಟುತ್ತಿತ್ತು.